ತೂಕ ಹೆಚ್ಚಿಸುವ ಪುಡಿಗಳು: ಡಾಕ್ಟರಲ್ಲಿ ಕೇಳಿ

ಸುರತ್ಕಲ್ ಸದಸ್ಯ: ಡಾಕ್ಟರೇ, ನನ್ನ ತೂಕ 52 ಕೆ.ಜಿ. ನವರಾತ್ರಿಗೆ ಹುಲಿವೇಷ ಹಾಕುತ್ತೇನೆ, ಬಣ್ಣ ಬಳಿದಾಗ ತೋಳು, ಎದೆ ಎದ್ದು ಕಾಣಬೇಕು. ಜಿಮ್‌ನವರು 3 ಕೆ.ಜಿ. ಮಾಸ್ ಗೇನರ್ ಡಬ್ಬಿ ಕೊಳ್ಳಲು ಒತ್ತಾಯಿಸುತ್ತಿದ್ದಾರೆ. ಕೊಳ್ಳಬಹುದೇ?

ಡಾಕ್ಟರ್: ಡಬ್ಬಿಯ ಹಿಂಬದಿ ಓದಿ. ಇಂತಹ ಹಲವು ಪುಡಿಗಳಲ್ಲಿ ಪ್ರೋಟೀನಿಗಿಂತ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟವೇ ಹೆಚ್ಚು. ಭಾರ ಎತ್ತದೆ ಅದನ್ನು ಕುಡಿದರೆ ಬೆಳೆಯುವುದು ಹೊಟ್ಟೆ. ಸ್ನಾಯು ಬೆಳೆಸುವವರಿಗೆ ಕೆ.ಜಿ. ತೂಕಕ್ಕೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಧಾರಾಳ. ನಿಮಗೆ ಸುಮಾರು 83 ಗ್ರಾಂ. 100 ಗ್ರಾಂ ಬಂಗುಡೆ ಮೀನಿನಲ್ಲಿ ಸುಮಾರು 20 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ.

ಕಾರ್ಕಳ ಸದಸ್ಯ: ಇದು ನನಗೆ ಬಂದ ಸಂದೇಶ: ಬೆಳಿಗ್ಗೆ ನಾಲ್ಕು ಹಸಿ ಮೊಟ್ಟೆ, ಜೇನು, ಅಶ್ವಗಂಧ. 15 ದಿನದಲ್ಲಿ 5 ಕೆ.ಜಿ. ಹತ್ತು ಜನರಿಗೆ ಕಳುಹಿಸಿ.

ಡಾಕ್ಟರ್: ಒಬ್ಬರಿಗೂ ಕಳುಹಿಸಬೇಡಿ. ಹಸಿ ಮೊಟ್ಟೆಯ ಪ್ರೋಟೀನಿನಲ್ಲಿ ಸುಮಾರು ಅರ್ಧ ಮಾತ್ರ ಮೈಗೆ ಹತ್ತುತ್ತದೆ, ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ. ಬೇಯಿಸಿ ತಿನ್ನಿ.

ಉಡುಪಿ ಸದಸ್ಯೆ: ನಾವು ಸಸ್ಯಾಹಾರಿಗಳು. ಈ ಗುಂಪಿನಲ್ಲಿ ಬರೀ ಬಂಗುಡೆಯ ಮಾತೇ.

ಮಲ್ಪೆ ಸದಸ್ಯ: ಮಲ್ಪೆಯವರು ಇನ್ನೇನು ಹೇಳಬೇಕು ಮಾರಾಯರೇ, ಗೋಳಿಬಜೆಯೇ?

ಉಡುಪಿ ಸದಸ್ಯೆ: ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ನೀವು ಏನು ತಿನ್ನುತ್ತೀರಿ ಎಂದು ಗೊತ್ತಿದೆ. ನಮ್ಮ ಹುರುಳಿ ಸಾರೇ ಗತಿ.

ಡಾಕ್ಟರ್: ಹುರುಳಿ, ಹೆಸರುಕಾಳು, ಮೊಸರು, ಸೋಯಾ. ಒಣ ಸೋಯಾ ತುಂಡುಗಳಲ್ಲಿ 100 ಗ್ರಾಂಗೆ ಸುಮಾರು 50 ಗ್ರಾಂ ಪ್ರೋಟೀನ್ ಇದೆ. ಜಗಳ ಬೇರೆ ಕಡೆ ಮಾಡಿ.

ಕಾಪು ಸದಸ್ಯ: ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯಿಂದ ಕಿಡ್ನಿ ಹಾಳಾಗುತ್ತದೆಯೇ?

ಡಾಕ್ಟರ್: ಆರೋಗ್ಯವಂತರಿಗೆ ಮಿತಿಯಲ್ಲಿ ತೊಂದರೆಯಿಲ್ಲ. ಕಿಡ್ನಿ ರೋಗವಿದ್ದರೆ ಕೇಳದೆ ಮುಟ್ಟಬೇಡಿ.

ಬಂಟ್ವಾಳದ ತಾಯಿ: ಡಾಕ್ಟರೇ, 19ರ ಮಗ ಹಾಸ್ಟೆಲಿನಲ್ಲಿದ್ದಾನೆ. ಯಾರೋ ಮಾರಿದ ಪುಡಿ, ಜೊತೆಗೆ ಒಂದು ಬಿಳಿ ಮಾತ್ರೆ, ಎರಡು ತಿಂಗಳಿಂದ ತಿನ್ನುತ್ತಿದ್ದಾನೆ. 9 ಕೆ.ಜಿ. ಏರಿದ್ದಾನೆ. ನೆಂಟರು ಚೆನ್ನಾಗಿ ತುಂಬಿಕೊಂಡಿದ್ದಾನೆ ಎನ್ನುತ್ತಾರೆ. ಆದರೆ ಮುಖ ಮಾತ್ರ ಉರುಟಾಗಿದೆ, ತೋಳು ಮೊದಲಿನಷ್ಟೇ. ಹೊಟ್ಟೆಯ ಬದಿಯಲ್ಲಿ ನೇರಳೆ ಗೆರೆಗಳು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾನಂತೆ.

ಕಂಕನಾಡಿ ಸದಸ್ಯ: ಅಮ್ಮಂದಿರಿಗೆ ಎಲ್ಲವೂ ಭಯ. ನಾನೂ ಅಂಥದ್ದೇ ತಿಂದೆ, ಏನೂ ಆಗಲಿಲ್ಲ.

ಡಾಕ್ಟರ್: ಕಂಕನಾಡಿಯವರು ಸ್ವಲ್ಪ ಸುಮ್ಮನಿರಿ. ಅಮ್ಮಾ, ನೀವು ಹೇಳಿದ ನಾಲ್ಕೂ ಲಕ್ಷಣಗಳು ಒಂದೇ ಕಡೆ ಕೈ ತೋರಿಸುತ್ತವೆ. ಪ್ರೋಟೀನಿನಿಂದ ಮುಖ ಉರುಟಾಗುವುದಿಲ್ಲ, ನೇರಳೆ ಗೆರೆ ಏಳುವುದಿಲ್ಲ. ತೂಕ ಏರಿಸುವ ಅಗ್ಗದ ಸರಕಿನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೆರೆಸುವುದು ಹಳೆಯ ಚಾಳಿ. ಜೊತೆಗಿನ ಮಾತ್ರೆ ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡಿನ್ ಇರಬಹುದು. ನೋಡದೆ ಖಚಿತ ಹೇಳಲಾರೆ, ಆದರೆ ನನಗೆ ಇದು ಹಿಡಿಸಿಲ್ಲ. ರಾತ್ರಿ ಮೂತ್ರಕ್ಕೆ ಏಳುವುದು ರಕ್ತದ ಸಕ್ಕರೆ ಏರಿದ್ದರಿಂದಲೂ ಇರಬಹುದು. ನಾಳೆ ಬೆಳಿಗ್ಗೆಯೇ ಫಿಸಿಶಿಯನ್ ಬಳಿ ಕರೆದುಕೊಂಡು ಹೋಗಿ. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆ ಆದರೂ ಸರಿ. ರಕ್ತದೊತ್ತಡ, ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಬೆಳಗಿನ ಕಾರ್ಟಿಸೋಲ್ (ಮೈಯೇ ತಯಾರಿಸುವ ಸ್ಟೀರಾಯ್ಡ್) ನೋಡಲಿ. ಪುಡಿ, ಮಾತ್ರೆ, ಪೊಟ್ಟಣ ಎಲ್ಲವನ್ನೂ ಒಯ್ಯಿರಿ.

ಇನ್ನೊಂದು. ಸಿಟ್ಟಿನಲ್ಲಿ ಎಲ್ಲವನ್ನೂ ಚರಂಡಿಗೆ ಸುರಿಯಬೇಡಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೊರಗಿನಿಂದ ಬಂದರೆ ಅದನ್ನು ಮೈಯೊಳಗೇ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟುಬಿಡುತ್ತದೆ. ಒಮ್ಮೆಲೇ ನಿಲ್ಲಿಸಿದರೆ ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತ, ಪ್ರಾಣಕ್ಕೇ ಕುತ್ತು. ಎಷ್ಟರಲ್ಲಿ, ಹೇಗೆ ಇಳಿಸಬೇಕೆಂದು ನೋಡಿದ ವೈದ್ಯರೇ ಹೇಳಬೇಕು.

ಪುತ್ತೂರು ಸದಸ್ಯ: ಕಬಡ್ಡಿ ಆಡುವ 14ರ ಮಗಳಿಗೆ ಕ್ರಿಯಾಟಿನ್ ಕೊಡಬಹುದೇ?

ಮೂಡುಬಿದಿರೆ ಸದಸ್ಯ: ವೇ ಪ್ರೋಟೀನಿನಿಂದ ಕಿಡ್ನಿಗೆ ತೊಂದರೆಯೇ?

ಡಾಕ್ಟರ್: ವೇ ಬಗ್ಗೆ ಮೇಲೆ ಉತ್ತರಿಸಿದ್ದೇನೆ. ಓದಿ.

ಕಂಕನಾಡಿ ಸದಸ್ಯ: ಡಾಕ್ಟರುಗಳಿಗೆ ಟೆಸ್ಟ್ ಬರೆಯುವುದೇ ಕೆಲಸ.

ಮಲ್ಪೆ ಸದಸ್ಯ: ನಿಮ್ಮ ಮನೆಯ ಹುಡುಗನಾದರೆ ಹೀಗೆ ಹೇಳುತ್ತಿದ್ದಿರಾ?

ಕಂಕನಾಡಿ ಸದಸ್ಯ: ನೀವು ಮೀನು ಮಾರಿಕೊಂಡಿರಿ.

ಬಂಟ್ವಾಳದ ತಾಯಿ: ಡಾಕ್ಟರೇ, ಮಗನಿಗೆ ಫೋನ್ ಮಾಡಿದೆ. ಪೊಟ್ಟಣದ ಮೇಲೆ ಪರವಾನಗಿ ಸಂಖ್ಯೆಯೂ ಇಲ್ಲ, ತಯಾರಕರ ಹೆಸರೂ ಇಲ್ಲವಂತೆ. ಮೊನ್ನೆಯೇ ಮುಗಿದು ತಿನ್ನುವುದು ನಿಂತಿದೆಯಂತೆ. ಇವತ್ತು ಎರಡು ಸಲ ವಾಂತಿಯಾಗಿದೆ.

ಡಾಕ್ಟರ್: ಹಾಗಾದರೆ ನಾಳೆಯವರೆಗೆ ಕಾಯುವಂತಿಲ್ಲ. ಹಾಸ್ಟೆಲಿನವರಿಗೆ ಹೇಳಿ ಈಗಲೇ ತುರ್ತು ವಿಭಾಗಕ್ಕೆ ಕಳುಹಿಸಿ; ಎರಡು ತಿಂಗಳು ಸ್ಟೀರಾಯ್ಡ್ ತಿಂದಿರುವ ಶಂಕೆ ಇದೆ ಎಂದು ಮೊದಲ ಮಾತಿನಲ್ಲೇ ತಿಳಿಸಲಿ. ನನ್ನ ಸಂಖ್ಯೆ ನಿಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ, ಕರೆ ಮಾಡಿ.