ಅಪ್‌ಡೇಟ್: ಮೇ ತಿಂಗಳಲ್ಲಿ ಮೈಸೂರು, ಎರಡು ದಿನ

ಬಿಸಿಲಲ್ಲಿ ಬೇಯದೆ ತಿಂಡಿ, ಅರಮನೆ, ಬೆಟ್ಟ ಹೇಗೆ ಹೊಂದಿಸುವುದು ಅಂತ ಕೇಳಿದ್ದೆ. ನಿಮ್ಮ ಸಲಹೆಗಳಿಂದ ಕೊನೆಗೆ ನಿಂತ ಯೋಜನೆ ಇದು.

ಶನಿವಾರ–ಭಾನುವಾರ ಹೋಗುವುದೇ ಸರಿ. ಅರಮನೆಯ ಪೂರ್ತಿ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ, ಸಂಜೆ 7ಕ್ಕೆ. ಮೇ ಅಂದರೆ ಕೃತ್ತಿಕಾ ಮಳೆಯ ಕಾಲ, ಸಂಜೆ ಗುಡುಗಬಹುದು, ಕೊಡೆ ಇರಲಿ. ಅರಮನೆಯೊಳಗೆ ಬೆಳಿಗ್ಗೆ 10ಕ್ಕೇ ಹೋಗಿ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಅಂಗಳದ ಕಲ್ಲು ಕಾಲು ಸುಡುತ್ತದೆ. ಸಾಕ್ಸ್ ಇಟ್ಟುಕೊಳ್ಳಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರು ಆರಕ್ಕೇ ಶುರು ಮಾಡಬೇಕು. ದೊಡ್ಡ ನಂದಿ ಸಿಗುವುದು ಸುಮಾರು 700ನೇ ಮೆಟ್ಟಿಲ ಬಳಿ. ಇಳಿಯಲು ಸಿಟಿ ಬಸ್ಸೇ ವಾಸಿ, ಮಂಡಿ ಉಳಿಯುತ್ತದೆ. ಆಮೇಲೆ ನಜರ್‌ಬಾದಿನ ಮೈಲಾರಿ ದೋಸೆ: ಹತ್ತಿಯಷ್ಟು ಮೆತ್ತಗೆ, ಮೇಲೆ ಬೆಣ್ಣೆ. ಗರಿಗರಿ ದೋಸೆ ಬೇಕೆನ್ನುವವರಿಗೆ ಇದು ಒಗ್ಗದು. ಆರಿದರೆ ಸೊಗಸಿಲ್ಲ, ಪಾರ್ಸೆಲ್ ಬೇಡ.

ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ. ಬಾಗಿಲು ತೆರೆದ ಕೂಡಲೇ ಹೋಗಿ. ಬಿಸಿಲೇರಿದರೆ ಪ್ರಾಣಿಗಳೆಲ್ಲ ನೆರಳಲ್ಲಿ ಮಲಗಿಬಿಡುತ್ತವೆ.

ದೇವರಾಜ ಮಾರುಕಟ್ಟೆ ಕೊನೆಗಿರಲಿ. ನಂಜನಗೂಡು ರಸಬಾಳೆ ಸಿಕ್ಕರೆ ಸಿಪ್ಪೆ ಕಪ್ಪಾಗಿದೆ ಅಂತ ಬಿಡಬೇಡಿ, ಆಗಲೇ ರುಚಿ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನ ಮೈಸೂರು ಪಾಕನ್ನು ಹೊರಡುವ ಮುಂಚೆಯಷ್ಟೇ ಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ತುಪ್ಪ ಕರಗಿ ತುಂಡೆಲ್ಲ ಕುಸಿಯುತ್ತದೆ. ಗಟ್ಟಿ ಡಬ್ಬಿಯಲ್ಲಿ ಹಾಕಿ ಕಾಲಬುಡದ ನೆರಳಲ್ಲಿಡಿ.