ಅಪ್ಪ-ಅಮ್ಮನ ಜೊತೆ ಐದು ದಿನ: ಎರಡು ರಾತ್ರಿ ಕೊಚ್ಚಿ, ಎರಡು ರಾತ್ರಿ ದ್ವೀಪ. ಯಾವಾಗ ಹೋಗಲಿ, ಎಲ್ಲಿ ಉಳಿಯಲಿ?

ಕಾರಟಗಿ ಕಡೆಯವನು

ಎಲ್ಲರಿಗೂ ನಮಸ್ಕಾರ. ಒಂದು ಪ್ರವಾಸಕ್ಕೆ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಯಾರು ಹೊರಟಿದ್ದಾರೆ, ಯಾಕೆ ಹೊರಟಿದ್ದಾರೆ ಅಂತ ಗೊತ್ತಾದರೆ ನಿಮಗೂ ಹೇಳೋದು ಸುಲಭ ಅಲ್ವಾ.

ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ನಾನು ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯ ಲೆಕ್ಕ ಬರೆಯುತ್ತೇನೆ. ಅಪ್ಪನಿಗೆ 66, ಅಮ್ಮನಿಗೆ 60. ಮಂತ್ರಾಲಯ, ಶ್ರೀಶೈಲ, ತಿರುಪತಿ ಬಿಟ್ಟರೆ ಇಬ್ಬರೂ ಬೇರೆ ಊರು ಕಂಡವರಲ್ಲ. ದರ್ಶನ ಮುಗಿಸೋದು, ರಾತ್ರಿ ಬಸ್ಸು ಹತ್ತೋದು, ಬೆಳಿಗ್ಗೆ ಗದ್ದೆಗೆ ಹೋಗೋದು, ಅಷ್ಟೇ. ನಾಲ್ಕು ದಿನ ಸುಮ್ನೆ ಕೂತು ಉಂಡದ್ದೇ ಇಲ್ಲ. ಅಮ್ಮ ಇದುವರೆಗೆ ಸಮುದ್ರ ನೋಡಿಲ್ಲ.

ಕೊಚ್ಚಿ ಅಂತ ತಲೆಗೆ ಬಂದದ್ದು ಅಪ್ಪನಿಂದ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಆರು ಎಕರೆ. ಅದರಲ್ಲಿ ಹಳ್ಳದ ಕಡೆಯ ಒಂದೂವರೆ ಎಕರೆ ಸವಳು ಬಿದ್ದಿದೆ. ಬೇಸಿಗೆಯಲ್ಲಿ ಯಾರೋ ಸುಣ್ಣ ಚೆಲ್ಲಿ ಹೋದ ಹಾಗೆ ಬೆಳ್ಳಗೆ ಕಾಣುತ್ತದೆ. ನಾಟಿ ಮಾಡಿದರೆ ಸಸಿ ತುದಿಯಿಂದ ಒಣಗುತ್ತಾ ಬರುತ್ತದೆ. ಅಪ್ಪ ಆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ಮಣ್ಣು ಕೆರೆದು, ಚೂರು ನಾಲಿಗೆಗೆ ಹಚ್ಚಿ ನೋಡಿ ಉಗುಳುತ್ತಾರೆ. ಪ್ರತಿ ವರ್ಷ ಹೀಗೇ. ಈ ವರ್ಷವಾದರೂ ಉಪ್ಪು ಕಡಿಮೆ ಆಗಿರಬಹುದು ಅಂತ ಆಸೆ.

ಕೊಚ್ಚಿ ಸುತ್ತಲಿನ ದ್ವೀಪಗಳಲ್ಲಿ ಸಮುದ್ರದ ನೀರು ನುಗ್ಗುವ ಗದ್ದೆಯಲ್ಲೇ ಪೊಕ್ಕಾಳಿ ಅನ್ನುವ ಭತ್ತ ಬೆಳೆಯುತ್ತಾರೆ ಅಂತ ಹೋದ ತಿಂಗಳು ಅವರಿಗೆ ಹೇಳಿದೆ. ನಂಬಲಿಲ್ಲ. "ಉಪ್ಪಿನಾಗ ನೆಲ್ಲು ಬರ್ತದೇನು? ಯಾರು ಹೇಳಿದ್ರು ನಿನಗ?" ಅಂದರು. ಎರಡು ದಿನ ಬಿಟ್ಟು ಉಣ್ಣುವಾಗ ತಾವಾಗಿಯೇ ಕೇಳಿದರು, "ಆ ಊರು ಎಷ್ಟು ದೂರ ಐತಿ?"

ಅಪ್ಪ ಎಲ್ಲಿಗಾದರೂ ಹೋಗಬೇಕು ಅಂತ ಕೇಳಿದ್ದು ನನ್ನ ಬುದ್ಧಿ ತಿಳಿದ ಮೇಲೆ ಇದೇ ಮೊದಲು. ಹಾಗಾಗಿ ಚೆನ್ನಾಗಿ ಮಾಡಬೇಕು ಅಂತಿದ್ದೇನೆ. ಎರಡು ರಾತ್ರಿ ಫೋರ್ಟ್ ಕೊಚ್ಚಿ, ಎರಡು ರಾತ್ರಿ ಯಾವುದಾದರೂ ದ್ವೀಪದಲ್ಲಿ ಹೋಂಸ್ಟೇ. ಆದರೆ ಯಾವ ದ್ವೀಪ? ವೈಪಿನ್, ಕುಂಬಳಂಗಿ, ಕಡಮಕ್ಕುಡಿ, ಮನ್ರೋ ಅಂತ ಹೆಸರು ಕೇಳಿ ಕೇಳಿ ತಲೆ ತಿರುಗಿದೆ. ಅಮ್ಮನಿಗೆ ಮಂಡಿ ನೋವು, ದೋಣಿ ಹತ್ತಿ ಇಳಿಯೋದು ಆಗುತ್ತದಾ? ದಸರಾ ರಜೆಯಲ್ಲಿ ಹೋಗೋದಾ, ಜನವರಿಯಲ್ಲಾ? ದಸರಾ ಹೊತ್ತಿಗೆ ನಮ್ಮ ನೆಲ್ಲು ಹೊಡೆಗೆ ಬಂದಿರುತ್ತದೆ. ಕಂದು ಜಿಗಿಹುಳುವಿನ ಕಾಟವೂ ಆಗಲೇ. ಅಪ್ಪ ಗದ್ದೆ ಬಿಟ್ಟು ಬರೋದು ಕಷ್ಟ. ಈ ಸಲ ಎರಡನೇ ಬೆಳೆ ಹಾಕುತ್ತಿಲ್ಲ, ಹಾಗಾಗಿ ಜನವರಿಯಲ್ಲಿ ಖಾಲಿ ಇರುತ್ತಾರೆ.

ರಾಯಚೂರು ಮೇಷ್ಟ್ರು

ಮೊದಲು ರೈಲು ಹೇಳುತ್ತೇನೆ. ಬೆಂಗಳೂರಿಗೆ ಹೋಗಿ ಬದಲಿಸುವ ತಾಪತ್ರಯ ಬೇಡ. ಪುಣೆ-ಕನ್ಯಾಕುಮಾರಿ ಗಾಡಿ ನಮ್ಮ ರಾಯಚೂರಿನ ಮೇಲೆಯೇ ಹೋಗುತ್ತದೆ. ಹಿಂದೆ ಮುಂಬೈಯಿಂದ ಹೊರಡುತ್ತಿದ್ದ ಜಯಂತಿ ಜನತಾ ಅದೇ. ಸಿಂಧನೂರು, ಮಾನ್ವಿ ದಾರಿಯಲ್ಲಿ ಬಸ್ಸಿಗೆ ಬಂದು ರಾಯಚೂರಿನಲ್ಲಿ ಹತ್ತಿದರೆ ಸೀದಾ ಎರ್ನಾಕುಲಂ ಟೌನ್‌ನಲ್ಲಿ ಇಳಿಯಬಹುದು. ಮಂಡಿ ನೋವಿನವರಿಗೆ ಗಾಡಿ ಬದಲಿಸದಿರೋದೇ ದೊಡ್ಡ ಉಪಕಾರ. ಕೆಳಗಿನ ಬರ್ತ್ ಮಾತ್ರ ಮುಂಚೆಯೇ ಹಿಡಿಯಿರಿ.

ಇನ್ನು ಊರು. ಫೋರ್ಟ್ ಕೊಚ್ಚಿಗೆ ಹೋಗುವ ನಮ್ಮ ಕಡೆಯವರು ಚೀನಾ ಬಲೆಯ ಮುಂದೆ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ನನಗೆ ಅದು ಬೇಸರ. ಅಲ್ಲಿನ ಸೇಂಟ್ ಫ್ರಾನ್ಸಿಸ್ ಚರ್ಚಿನ ಒಳಗೆ ವಾಸ್ಕೋ ಡ ಗಾಮನನ್ನು ಹೂತ ಜಾಗ ಇದೆ. ಅವನು ಕೊಚ್ಚಿಯಲ್ಲಿ ಸತ್ತದ್ದು 1524ರಲ್ಲಿ. ಆಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು, ಕಲ್ಲು ಅಲ್ಲೇ ಉಳಿಯಿತು. ಅದಕ್ಕೂ ನಾಲ್ಕೇ ವರ್ಷ ಮೊದಲು, 1520ರಲ್ಲಿ, ಕೃಷ್ಣದೇವರಾಯ ನಮ್ಮ ರಾಯಚೂರು ಕೋಟೆ ಗೆದ್ದಾಗ ಅವನ ಪಡೆಯಲ್ಲಿ ಪೋರ್ಚುಗೀಸ್ ಬಂದೂಕಿನವರಿದ್ದರು. ನಾನು ದಿನಾ ಆ ಕೋಟೆಯ ಪಕ್ಕದಲ್ಲೇ ಶಾಲೆಗೆ ಹೋಗುತ್ತೇನೆ. ಆ ಕಲ್ಲಿನ ಮುಂದೆ ನಿಂತಾಗ ಎರಡೂ ಊರು ಒಂದೇ ಕಥೆಯ ಒಳಗೆ ಬಂದವು.

ಅಮ್ಮನನ್ನು ಮಟ್ಟಾಂಚೇರಿ ಅರಮನೆಗೆ ಕರೆದುಕೊಂಡು ಹೋಗಿ. ಡಚ್ ಅರಮನೆ ಅಂತ ಕರೆಯುತ್ತಾರೆ, ಆದರೆ ಕಟ್ಟಿ ಕೊಚ್ಚಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು. ಡಚ್ಚರು ಆಮೇಲೆ ದುರಸ್ತಿ ಮಾಡಿಸಿದರು. ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣ ಬರೆದಿದ್ದಾರೆ. ನಿಧಾನಕ್ಕೆ ನೋಡಲು ಬಿಡಿ, ಅವಸರ ಮಾಡಬೇಡಿ. ಅಲ್ಲಿಂದ ನಾಲ್ಕು ಹೆಜ್ಜೆಗೆ 1568ರ ಯಹೂದಿ ಪ್ರಾರ್ಥನಾ ಮಂದಿರ. ನೆಲಕ್ಕೆ ಹಾಸಿದ ಬಿಳಿ-ನೀಲಿ ಹೆಂಚು ಚೀನಾದಿಂದ ಬಂದದ್ದು, ಕೈಯಲ್ಲಿ ಚಿತ್ರ ಬರೆದದ್ದು.

ಒಂದು ಎಚ್ಚರಿಕೆ. ಅರಮನೆಗೆ ಶುಕ್ರವಾರ ರಜೆ, ಪ್ರಾರ್ಥನಾ ಮಂದಿರಕ್ಕೆ ಶನಿವಾರ ರಜೆ. ಇದು ಗೊತ್ತಿಲ್ಲದೆ ನಾನು ಒಂದು ಸಲ ಮುಚ್ಚಿದ ಬಾಗಿಲು ನೋಡಿ ಬಂದಿದ್ದೇನೆ.

ಬಳ್ಳಾರಿ ಅಕ್ಕ

ನಾನು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅವರಿಗೂ ಮಂಡಿ ನೋವೇ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ವಾಟರ್ ಮೆಟ್ರೋ ಹತ್ತಿಸಿ. 2023ರ ಏಪ್ರಿಲ್‌ನಲ್ಲಿ ಶುರುವಾದದ್ದು. ದೋಣಿ ಕಟ್ಟೆ ನೀರಿನ ಮೇಲೇ ತೇಲುತ್ತದೆ. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಕಟ್ಟೆ, ದೋಣಿ ಎರಡೂ ಒಂದೇ ಮಟ್ಟ. ಅತ್ತೆ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಹಾಗೆ ನಡೆದು ಹೋದರು. ಎರ್ನಾಕುಲಂನ ಹೈಕೋರ್ಟ್ ಕಟ್ಟೆಯಿಂದ ಫೋರ್ಟ್ ಕೊಚ್ಚಿಗೂ ಇದೆ, ವೈಪಿನ್‌ಗೂ ಇದೆ. ಟಿಕೆಟ್ಟೂ ಕಡಿಮೆ.

ಚೀನಾ ಬಲೆಯ ಬಗ್ಗೆ ಮೇಷ್ಟ್ರು ಹೇಳಿದ್ದು ಸರಿ, ಆದರೂ ಬೆಳಿಗ್ಗೆ ಬೇಗ ಹೋಗಿ ಒಂದು ಗಂಟೆ ಕೂತು ನೋಡಿ. ನಮ್ಮ ಬಾವಿಯ ಏತ ಇತ್ತಲ್ಲ, ಅದೇ ಲೆಕ್ಕ. ಉದ್ದ ಮರ, ಹಿಂದೆ ಹಗ್ಗಕ್ಕೆ ಸಾಲಾಗಿ ಕಟ್ಟಿದ ಕಲ್ಲುಗಳು. ನಾಲ್ಕೈದು ಜನ ಹಗ್ಗ ಜಗ್ಗಿದರೆ ಕಲ್ಲು ಇಳಿಯುತ್ತದೆ, ಬಲೆ ಮೇಲೆ ಬರುತ್ತದೆ. ಏತ ಹೊಡೆದವರು ಮನೆಯಲ್ಲಿದ್ದರೆ ಅವರಿಗೆ ಅದು ಬೇಗ ಅರ್ಥ ಆಗುತ್ತದೆ.

ದ್ವೀಪ ಒಂದೇ ಇರಲಿ. ಎರಡು ರಾತ್ರಿಗೆ ಎರಡು ದ್ವೀಪ ಅಂತ ಹೋದರೆ ಚೀಲ ಕಟ್ಟೋದರಲ್ಲೇ ಮುಗಿಯುತ್ತದೆ. ಮನ್ರೋ ದ್ವೀಪ ಚೆನ್ನಾಗಿದೆ, ಸಣ್ಣ ಕಾಲುವೆಗಳಲ್ಲಿ ಕೋಲು ಊರಿ ದೋಣಿ ನಡೆಸುತ್ತಾರೆ. ಆದರೆ ಅದು ಕೊಲ್ಲಂ ಹತ್ತಿರ, ಈ ಸಲ ಬಿಡಿ. (ಬಳ್ಳಾರಿಯವರಿಗೆ ಮನ್ರೋ ಅಂದ ಕೂಡಲೇ ನಮ್ಮ ಕಲೆಕ್ಟರ್ ಥಾಮಸ್ ಮನ್ರೋ ನೆನಪಾಗುತ್ತಾರೆ. ಆ ದ್ವೀಪದ ಹೆಸರು ಬೇರೆ ಮನ್ರೋದು, ತಿರುವಾಂಕೂರಿನಲ್ಲಿದ್ದ ಕರ್ನಲ್ ಜಾನ್ ಮನ್ರೋ.)

ನಾವು ಉಳಿದದ್ದು ವೈಪಿನ್‌ನಲ್ಲಿ, ಹಿನ್ನೀರಿನ ಅಂಚಿನ ಒಂದು ಮನೆಯಲ್ಲಿ. ಬುಕ್ ಮಾಡುವಾಗ ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಚಳಿಗಾಲದ ತಿಂಗಳುಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಸಮುದ್ರದ ಉಬ್ಬರ ಜೋರಾಗಿ ಬಂದರೆ ಅಂಗಳಕ್ಕೇ ನೀರು ಬರುತ್ತದೆ. ಬೆಳಗಿನ ಜಾವ ಬಾಗಿಲು ತೆಗೆದರೆ ಪಾದ ಮುಳುಗುವಷ್ಟು ನೀರು. ಅತ್ತೆಯ ಚಪ್ಪಲಿ ತುಳಸಿ ಗಿಡದ ಹತ್ತಿರ ತೇಲುತ್ತಿತ್ತು. ಮನೆಯ ಹೆಂಗಸು ಸೀರೆ ಎತ್ತಿ ಕಟ್ಟಿ ಪಾತ್ರೆ ಮೇಲಿಡುತ್ತಿದ್ದರು. ಗೋಡೆಯಲ್ಲಿ ಮೊಣಕಾಲು ಎತ್ತರಕ್ಕೆ ಗಾರೆ ಉದುರಿ, ಉಪ್ಪು ಹೂವಿನ ಹಾಗೆ ಅರಳಿತ್ತು. ನಮಗೆ ಅದು ಒಂದು ದಿನ, ಅವರಿಗೆ ಪ್ರತಿ ವರ್ಷ. ಬುಕ್ ಮಾಡುವ ಮೊದಲು ಫೋನ್ ಮಾಡಿ, ಅಂಗಳಕ್ಕೆ ನೀರು ಬರುತ್ತದಾ, ಮಲಗುವ ಕೋಣೆ ಎತ್ತರದಲ್ಲಿದೆಯಾ ಅಂತ ಕೇಳಿಯೇ ಮುಂದಿನ ಮಾತು.

ಊಟ: ಅಲ್ಲಿ ಕೆಂಪು ಕುಸುಬಲಕ್ಕಿ ಅನ್ನ, ಕೊಬ್ಬರಿ ಎಣ್ಣೆ. ಮೀನು ತಿನ್ನದವರಾದರೆ ಹಿಂದಿನ ದಿನವೇ ಹೇಳಿಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಜಾಸ್ತಿಯೇ ಕಟ್ಟಿಕೊಳ್ಳಿ.

ಸಿರುಗುಪ್ಪ ಗದ್ದೆ

ನಾನೂ ನೆಲ್ಲಿನವನೇ, ಹಾಗಾಗಿ ಅಪ್ಪನ ವಿಷಯ ಮಾತ್ರ ಬರೆಯುತ್ತೇನೆ. ದಯವಿಟ್ಟು ದಸರಾಕ್ಕೆ ಹೋಗಿ. ಜನವರಿಗೆ ಹೋದರೆ ಅವರಿಗೆ ಅಲ್ಲಿ ಒಂದು ತೆನೆಯೂ ಕಾಣುವುದಿಲ್ಲ.

ಪೊಕ್ಕಾಳಿ ವರ್ಷಕ್ಕೆ ಒಂದೇ ಬೆಳೆ. ಬೇಸಿಗೆಯಲ್ಲಿ ಗದ್ದೆಯ ನೀರು ಹೊರಗೆ ಬಿಟ್ಟು ಮಣ್ಣನ್ನು ಸಣ್ಣ ಸಣ್ಣ ಗುಡ್ಡೆ ಮಾಡುತ್ತಾರೆ. ಜೂನ್ ಮಳೆ ಹೊಡೆದು ಗುಡ್ಡೆಯ ಉಪ್ಪು ತೊಳೆದು ಹೋಗುತ್ತದೆ. ಆಗ ಮೊಳಕೆ ಕಟ್ಟಿದ ಬೀಜವನ್ನು ಗುಡ್ಡೆಯ ಮೇಲೇ ಚೆಲ್ಲುತ್ತಾರೆ. ಸಸಿ ಎದ್ದ ಮೇಲೆ ಗುಡ್ಡೆಯನ್ನು ಸಲಿಕೆಯಿಂದ ಕಡಿದು, ಹೆಂಟೆ ಸಮೇತ ಸುತ್ತ ಹರಡುತ್ತಾರೆ. ಅದೇ ನಾಟಿ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಪೈರು ಆಳೆತ್ತರ ಬೆಳೆಯುತ್ತದೆ. ಅಕ್ಟೋಬರ್ ಹೊತ್ತಿಗೆ ನೀರಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತಾರೆ, ಹುಲ್ಲು ನೀರಲ್ಲೇ ಬಿಡುತ್ತಾರೆ. ನವೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಅದೇ ಗದ್ದೆಗೆ ಸಮುದ್ರದ ನೀರು ಬಿಟ್ಟು ಸಿಗಡಿ ಸಾಕುತ್ತಾರೆ. ಕೊಳೆತ ಹುಲ್ಲು ಸಿಗಡಿಗೆ ಮೇವು, ಸಿಗಡಿಯ ಕಸ ಮುಂದಿನ ನೆಲ್ಲಿಗೆ ಗೊಬ್ಬರ.

ಇನ್ನೊಂದು ಮಾತು. ಆ ಬೀಜ ತಂದು ನಮ್ಮ ಸವಳಿಗೆ ಹಾಕೋಣ ಅಂತ ಅಪ್ಪ ಆಸೆ ಇಟ್ಟುಕೊಂಡಿದ್ದರೆ ಮೊದಲೇ ತಿಳಿಸಿಬಿಡಿ. ಅವರ ಉಪ್ಪು ಸಮುದ್ರದಿಂದ ಬರುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ನಮ್ಮದು ನೆಲದ ಒಳಗಿಂದ ಏಳುತ್ತದೆ. ಕಾಲುವೆ ನೀರು ನಿಂತು ನಿಂತು, ಬಸಿಯಲು ದಾರಿ ಇಲ್ಲದೆ, ಅಡಿಯ ಉಪ್ಪನ್ನು ಮೇಲಕ್ಕೆ ತರುತ್ತದೆ. ಅದನ್ನು ತೊಳೆಯುವಷ್ಟು ಮಳೆ ನಮ್ಮಲ್ಲಿ ಎಲ್ಲಿದೆ? ನಮಗೆ ಬೇಕಾದದ್ದು ಬಸಿಗಾಲುವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳು ಭೂಮಿಯ ಮೇಲೆಯೇ ಕೆಲಸ ನಡೆಯುತ್ತದೆ, ಅಪ್ಪನನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಉಪ್ಪು ತಡೆಯುವ ತಳಿ ಮಾಡಲು ವಿಜ್ಞಾನಿಗಳು ಪೊಕ್ಕಾಳಿಯ ಗುಣವನ್ನೇ ಬೇರೆ ನೆಲ್ಲಿಗೆ ಕೂಡಿಸಿದ್ದಾರೆ. ಅಪ್ಪ ನೋಡಲು ಹೊರಟಿರೋದು ಅಂಥ ನೆಲ್ಲಿನ ತಾಯಿಯನ್ನು.

ಕಡಮಕ್ಕುಡಿ ಅಥವಾ ಕುಂಬಳಂಗಿ ನೋಡಿ. ಎರಡೂ ಕಡೆ ಪೊಕ್ಕಾಳಿ ಇದೆ. ಗದ್ದೆ ಇರುವವರ ಮನೆಯಲ್ಲೇ ಉಳಿಯಿರಿ.

ಕಾರಟಗಿ ಕಡೆಯವನು

ಮೂವರಿಗೂ ಮನಸ್ಸಿನಿಂದ ಧನ್ಯವಾದ. ನಿನ್ನೆ ರಾತ್ರಿ ನಿಮ್ಮ ಉತ್ತರಗಳನ್ನು ಅಪ್ಪನಿಗೆ ಒಂದೊಂದಾಗಿ ಓದಿ ಹೇಳಿದೆ. ಸಿರುಗುಪ್ಪದವರ ಮಾತು ಬಂದಾಗ ರೇಡಿಯೋ ಆಫ್ ಮಾಡಿದರು. ಗುಡ್ಡೆ ಕಡಿದು ಸಸಿ ಹರಡುವುದನ್ನು ಎರಡು ಸಲ ಓದಿಸಿದರು. ಬೀಜ ನಮ್ಮಲ್ಲಿ ಬರುವುದಿಲ್ಲ ಅಂದಾಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಖರೇ ಹೇಳ್ಯಾನ. ನೀರು ಬಸಿಬೇಕು" ಅಂದರು.

ದಸರಾಕ್ಕೇ ಹೋಗೋಣವಾ, ಗದ್ದೆ ನಾಲ್ಕು ದಿನ ಮಾವ ನೋಡಿಕೊಳ್ಳುತ್ತಾನೆ ಅಂತ ಕೇಳಿದೆ. ಒಪ್ಪಲಿಲ್ಲ. ಹುಳದ ಭಯಕ್ಕೆ ಅಂದುಕೊಂಡೆ. ಅದಲ್ಲ. "ನೆಲ್ಲು ನಿಂತದ್ದು ಹುಟ್ಟಿದಾಗಿಂದ ನೋಡೀನಿ. ಉಪ್ಪುನೀರು ಗದ್ದ್ಯಾಗ ನಿಂತದ್ದು ನೋಡಬೇಕು. ತೂಬು ಹ್ಯಾಂಗ ಎತ್ತತಾರ, ಹ್ಯಾಂಗ ಇಳಸತಾರ, ಅದನ್ನ ನೋಡಬೇಕು" ಅಂದರು.

ಹಾಗಾಗಿ ಜನವರಿಯೇ. ಗವಿಮಠದ ಜಾತ್ರೆ ಮುಗಿಸಿಕೊಂಡೇ ಹೊರಡಬೇಕು ಅಂತ ಅಮ್ಮನ ಕಂಡೀಷನ್. ಜಾತ್ರೆ ಆದ ಮೇಲೆ ಬರುವ ಅಮಾವಾಸ್ಯೆಯ ಹೊತ್ತಿಗೆ ದ್ವೀಪದಲ್ಲಿ ಇರುತ್ತೇವೆ, ನೀರು ಜೋರಾಗಿ ಏರಿ ಇಳಿಯೋದು ಆಗಲೇ ಅಲ್ವಾ. ಅಮಾವಾಸ್ಯೆ ದಿನ ಮನೆ ಬಿಟ್ಟು ಹೊರಡಬಾರದು, ಅಲ್ಲೇ ಇದ್ದರೆ ಪರವಾಗಿಲ್ಲ ಅಂತ ಅಮ್ಮ ಅಂದರು. ಮಧ್ಯೆ ಶುಕ್ರವಾರ, ಶನಿವಾರ ಬಂದರೆ ಆ ಎರಡು ದಿನವೂ ದ್ವೀಪದಲ್ಲೇ, ಅರಮನೆ ಬೇರೆ ದಿನ. ಕುಂಬಳಂಗಿಯಲ್ಲಿ ಗದ್ದೆ ಇರುವ ಒಂದು ಮನೆಗೆ ಫೋನ್ ಮಾಡಿದೆ. ಕೋಣೆ ಮೂರು ಮೆಟ್ಟಿಲು ಎತ್ತರದಲ್ಲಿದೆ, ಅಂಗಳಕ್ಕೆ ನೀರು ಬಂದರೂ ಒಳಗೆ ಬರುವುದಿಲ್ಲವಂತೆ. ರಾತ್ರಿ ನೀರು ಇಳಿಯುವಾಗ ತೂಬಿಗೆ ಬಲೆ ಕಟ್ಟಿ, ದೀಪ ಇಟ್ಟು ಸಿಗಡಿ ಹಿಡಿಯುತ್ತಾರಂತೆ. ಅಪ್ಪ ಬಂದು ನಿಂತು ನೋಡಬಹುದು ಅಂದರು.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಹಳ್ಳದ ಕಡೆಯ ಮಣ್ಣು ಒಂದು ಹಿಡಿ ತಂದು, ತೊಳೆದ ಹಾಲಿನ ಪ್ಯಾಕೆಟ್‌ನಲ್ಲಿ ಕಟ್ಟಿ ಗೂಡಿನಲ್ಲಿಟ್ಟಿದ್ದಾರೆ. ಅಲ್ಲಿಯ ರೈತನಿಗೆ ತೋರಿಸಬೇಕಂತೆ. ಹೊರಡೋದಕ್ಕೆ ಇನ್ನೂ ತಿಂಗಳುಗಟ್ಟಲೆ ಇದೆ. ಒಂದೇ ಚಿಂತೆ, ಅವರಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ, ನನಗೆ ಮಲಯಾಳ ಬರುವುದಿಲ್ಲ. ಇಬ್ಬರು ರೈತರ ನಡುವೆ ನಾನು ಏನಂತ ಹೇಳಲಿ?

ಸಿರುಗುಪ್ಪ ಗದ್ದೆ

ನೀವು ಏನೂ ಹೇಳಬೇಡಿ, ಪ್ಯಾಕೆಟ್ ಬಿಚ್ಚಿ ಅಪ್ಪನನ್ನೇ ಮಾತಾಡಲು ಬಿಡಿ. ಮಣ್ಣಿಗೆ ಅಲ್ಲೂ ಮಣ್ಣು, ಉಪ್ಪಿಗೆ ಉಪ್ಪು, ನೆಲ್ಲಿಗೆ ನೆಲ್ಲು. ತೂಬಿಗೆ ಮಾತ್ರ ತೂಂಬು ಅಂತಾರೆ.