ಹೃದಯಾಘಾತದ ನಂತರ ಯಜಮಾನರಿಗೆ ಸ್ವಯಂ ನಿವೃತ್ತಿ ಅರ್ಜಿಗೆ ಸಹಿ ಹಾಕಿ ಎನ್ನುತ್ತಿದ್ದಾರೆ, ಹಾಕಬಹುದೇ?

ಪ್ರಶ್ನೆ: ಶಾಲಾ ಶಿಕ್ಷಕಿ, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರು ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಯೊಂದರಲ್ಲಿ ಹೆಡ್ ಕಾನ್ಸ್‌ಟೇಬಲ್. 2005ರಲ್ಲಿ ಭರ್ತಿಯಾದವರು. ಕಾಶ್ಮೀರ, ಈಶಾನ್ಯ ರಾಜ್ಯಗಳು ಎಲ್ಲ ಮುಗಿಸಿ ಕೊನೆಗೆ ಛತ್ತೀಸಗಡದ ಬಸ್ತರ್ ಕಡೆ ಇದ್ದರು. ಕಳೆದ ಬೇಸಿಗೆಯಲ್ಲಿ ಬೆಳಗಿನ ಜಾವ ರಸ್ತೆ ತಪಾಸಣೆಗೆ ತಂಡ ಹೊರಟಾಗಲೇ ಇವರಿಗೆ ಎಡ ದವಡೆಯಲ್ಲಿ ನೋವು ಶುರುವಾಗಿತ್ತಂತೆ. ಹಲ್ಲುನೋವೆಂದುಕೊಂಡು ನಡೆದಿದ್ದಾರೆ. ಬಿಸಿಲೇರಿದ ಮೇಲೆ ಒಂದು ಹಿಪ್ಪೆ ಮರದ ಬುಡದಲ್ಲಿ ಕುಳಿತವರು ಮತ್ತೆ ಏಳಲು ಆಗಲಿಲ್ಲ. ಜೊತೆಗಿದ್ದ ಹುಡುಗರು ಇವರ ರೈಫಲ್ಲು, ಚೀಲ ಹೊತ್ತುಕೊಂಡು ಇವರನ್ನು ಕ್ಯಾಂಪಿಗೆ ತಂದರು. ಅಲ್ಲಿಂದ ರಾಯಪುರಕ್ಕೆ ಸಾಗಿಸಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು, ಆದರೆ ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪಿಂಗ್ ಶೇ. 35 ಎಂದು ಬಂದಿದೆ. ಎರಡು ಮಹಡಿ ಹತ್ತಿದರೆ ಉಸಿರು ಕಟ್ಟುತ್ತದೆ.

ರಜೆ ಮುಗಿಸಿ ಹೋದಾಗ ಕಚೇರಿಯಲ್ಲಿ ಒಬ್ಬರು ಟೈಪ್ ಮಾಡಿದ ಅರ್ಜಿಯೊಂದನ್ನು ಮುಂದಿಟ್ಟು, "20 ವರ್ಷ ಆಗಿದೆ, ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಹೋಗಿ ಆರಾಮವಾಗಿರು. ನಿನಗೆ ಗುಂಡು ತಾಗಿಲ್ಲ, ಕಾಲು ಹೋಗಿಲ್ಲ, ಹೃದಯದ ಕಾಯಿಲೆಗೆ ಅಂಗವೈಕಲ್ಯ ಪಿಂಚಣಿ ಬರುವುದಿಲ್ಲ" ಎಂದರಂತೆ. ಇವರಿಗೆ ಮೊದಲಿನಿಂದ ಸ್ವಲ್ಪ ಬಿ.ಪಿ. ಇತ್ತು, ಕೆಲವು ವರ್ಷ ಬೀಡಿ ಸೇದಿದ್ದೂ ನಿಜ. ಅದನ್ನೂ ಕಡತದಲ್ಲಿ ಬರೆದಿದ್ದಾರೆ. ಎನ್‌ಪಿಎಸ್‌ನಲ್ಲಿ (ಸಂಬಳದಿಂದ ಪಾಲು ಕಡಿತವಾಗುವ ಹೊಸ ಪಿಂಚಣಿ ಯೋಜನೆ) ಇರುವುದರಿಂದ ಹಳೆಯ ಪಿಂಚಣಿಯೂ ಇಲ್ಲ ಎನ್ನುತ್ತಾರೆ. ಮಕ್ಕಳಿಬ್ಬರೂ ಓದುತ್ತಿದ್ದಾರೆ. ಸಹಿ ಹಾಕಬೇಕೋ ಬೇಡವೋ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮಾಜಿ ಸೈನಿಕ, ವಿಜಯಪುರ

ಅಕ್ಕಾವರೇ, ಬೇಸರ ಮಾಡಿಕೊಳ್ಳಬೇಡಿ. ಹೃದಯಾಘಾತವನ್ನು ಸಹಜ ಕಾಯಿಲೆ ಎಂದೇ ಬರೆಯುತ್ತಾರೆ. ನನಗೆ ಗೊತ್ತಿರುವ ಒಬ್ಬರು ಇದಕ್ಕಾಗಿ ಓಡಾಡಿ ಸುಸ್ತಾಗಿ ಬಿಟ್ಟರು. ಸಹಿ ಹಾಕಿ ಬರುವ ಹಣ ತೆಗೆದುಕೊಳ್ಳುವುದು ಮೇಲು. ಆರೋಗ್ಯ ಮುಖ್ಯ.

ಉತ್ತರ: ನಿವೃತ್ತ ಇನ್‌ಸ್ಪೆಕ್ಟರ್, ಮಿನಿಸ್ಟೀರಿಯಲ್ ವಿಭಾಗ, ಬೆಳಗಾವಿ

ತಂಗಿ, ಮೇಲಿನವರು ನಿಮ್ಮ ಮೇಲಿನ ಕಾಳಜಿಯಿಂದಲೇ ಬರೆದಿದ್ದಾರೆ. ಆದರೂ ಅವರ ಸಲಹೆಯನ್ನು ಈಗಲೇ ಬದಿಗಿಡಿ. ಆ ಅರ್ಜಿಗೆ ಸಹಿ ಬೇಡ. ನಾನು ಇಂಥದ್ದೇ ಪಡೆಯೊಂದರಲ್ಲಿ ಪಿಂಚಣಿ ಕಡತಗಳನ್ನು ನೋಡಿಕೊಳ್ಳುತ್ತಾ ತಲೆ ನರೆಸಿಕೊಂಡವನು. ಸ್ವಯಂ ನಿವೃತ್ತಿ ಎಂದರೆ ತಾನಾಗಿ ಬಿಟ್ಟು ಹೋದದ್ದು ಎಂದು ಅರ್ಥ. ಅಂಗವೈಕಲ್ಯ ಪಿಂಚಣಿ ಸಿಗುವುದು ವೈದ್ಯಕೀಯ ಮಂಡಳಿ ಪರೀಕ್ಷಿಸಿ, ಸೇವೆಗೆ ಅಸಮರ್ಥ ಎಂದು ಬರೆದು, ಇಲಾಖೆಯೇ ಕಳುಹಿಸಿದಾಗ. ನಾವು ಅದನ್ನು 'ಬೋರ್ಡ್ ಔಟ್' ಎನ್ನುತ್ತೇವೆ. ಒಮ್ಮೆ ಸ್ವಂತ ಇಚ್ಛೆಯಿಂದ ಹೋಗುತ್ತೇನೆ ಎಂದು ಬರೆದುಕೊಟ್ಟ ಮೇಲೆ ಆ ಬಾಗಿಲನ್ನು ಮತ್ತೆ ತೆರೆಸುವುದು ಬಹಳ ಕಷ್ಟ.

ಗುಂಡು ತಾಗಿದ್ದರೆ ಮಾತ್ರ ಎಂಬುದು ಶುದ್ಧ ತಪ್ಪು. ಕೇಂದ್ರ ನಾಗರಿಕ ಸೇವಾ ಅಸಾಧಾರಣ ಪಿಂಚಣಿ ನಿಯಮಗಳು 1939ರಿಂದ ಇವೆ, 2023ರಲ್ಲಿ ಹೊಸದಾಗಿ ಬಂದಿವೆ. ಅವುಗಳಲ್ಲಿ ಗಾಯ ಎಂದಷ್ಟೇ ಇಲ್ಲ, ಕಾಯಿಲೆ ಎಂದೂ ಇದೆ. ಕಾಯಿಲೆ ಸೇವೆಯ ಕಾರಣದಿಂದ ಬಂದಿರಬೇಕು, ಇಲ್ಲವೇ ಮೊದಲೇ ಇದ್ದದ್ದು ಸೇವೆಯಿಂದ ಉಲ್ಬಣಿಸಿರಬೇಕು. ಈ ಎರಡನೆಯ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಬಿ.ಪಿ., ಬೀಡಿ ಎಂದು ಅವರು ಬರೆದುಕೊಂಡಿದ್ದಾರಲ್ಲ, ಅದರಿಂದ ನಿಮ್ಮ ಕೇಸಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಅಷ್ಟಕ್ಕೇ ಕೇಸು ಮುಗಿಯುವುದಿಲ್ಲ. ಬಿ.ಪಿ. ಇದ್ದ ಮನುಷ್ಯನನ್ನು ನಸುಕಿನಲ್ಲಿ ಎಬ್ಬಿಸಿ, ನೆಲಬಾಂಬಿನ ಭಯದ ರಸ್ತೆಯಲ್ಲಿ, ಬಸ್ತರಿನ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನಡೆಸಿದರೆ ಕಾಯಿಲೆ ಉಲ್ಬಣಿಸಿತೋ ಇಲ್ಲವೋ ಎಂಬುದು ಮಂಡಳಿ ಉತ್ತರಿಸಬೇಕಾದ ಪ್ರಶ್ನೆ. ಒತ್ತಡ ಮತ್ತು ಶ್ರಮದಿಂದ ಹೆಚ್ಚಾಗುವ ಕಾಯಿಲೆಗಳ ಗುಂಪೇ ಈ ನಿಯಮಗಳ ಮಾರ್ಗಸೂಚಿಯಲ್ಲಿ ಇತ್ತು, ರಕ್ತದೊತ್ತಡ ಆ ಗುಂಪಿಗೆ ಸೇರಿದ್ದು. ಸಕಾರಣ ಸಂದೇಹವಿದ್ದರೆ ಅದರ ಲಾಭ ನೌಕರನಿಗೇ ಸಲ್ಲಬೇಕು, ಕಾರ್ಯಾಚರಣೆ ಪ್ರದೇಶದಲ್ಲಿದ್ದವರಿಗೆ ಇನ್ನೂ ಉದಾರವಾಗಿ ಸಲ್ಲಬೇಕು ಎಂಬ ತತ್ವವೂ ಅಲ್ಲಿಯದೇ.

ಆದ್ದರಿಂದ ಎಲ್ಲವೂ ನಿಂತಿರುವುದು ಕಾಗದದ ಮೇಲೆ. ನಾನು ನೋಡಿದ ಮಟ್ಟಿಗೆ, ಹೃದ್ರೋಗದ ಕಡತಗಳು ಬಿದ್ದುಹೋಗುವುದು ಕಾಯಿಲೆಯ ಕಾರಣಕ್ಕಲ್ಲ, ಹಿಂದಿನ ಎರಡು ವಾರಗಳಲ್ಲಿ ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ ಎಂದು ತೋರಿಸುವ ಹಾಳೆ ಇಲ್ಲದ ಕಾರಣಕ್ಕೆ. ಸೇನೆಯ ವೈದ್ಯಾಧಿಕಾರಿಗಳ ಕೈಪಿಡಿಯಲ್ಲಿ ಹೃದಯಾಘಾತಕ್ಕೆ ಹಿಂದಿನ 14 ದಿನಗಳ ಕರ್ತವ್ಯದ ವಿವರ ನೋಡಬೇಕೆಂದೇ ಇದೆ. ಅದು ನೇರವಾಗಿ ನಿಮಗೆ ಅನ್ವಯಿಸುವ ನಿಯಮವಲ್ಲ, ಆದರೂ ಮಂಡಳಿಯ ವೈದ್ಯರು ಯೋಚಿಸುವ ದಾರಿ ಅದೇ. ಡ್ಯೂಟಿ ರಿಜಿಸ್ಟರ್, ಕ್ಯಾಂಪಿನ ಡೈರಿಯಲ್ಲಿ ಅಂದು ತಂಡ ಹೊರಟ ಸಮಯ, ಎಂಐ ರೂಮಿನ (ಕ್ಯಾಂಪಿನ ಚಿಕಿತ್ಸಾ ಕೊಠಡಿ) ಪುಸ್ತಕದಲ್ಲಿ ಇವರನ್ನು ತಂದ ಸಮಯ, ಇವಿಷ್ಟರ ದೃಢೀಕೃತ ಪ್ರತಿಗಳನ್ನು ಈಗಲೇ ಲಿಖಿತವಾಗಿ ಕೇಳಿ. ರೈಫಲ್ ಹೊತ್ತು ತಂದ ಹುಡುಗರ ಹೇಳಿಕೆ ಬರೆಸಿಕೊಳ್ಳಿ. ಅವರಿಗೆ ಬೇರೆ ಕಡೆ ವರ್ಗವಾದ ಮೇಲೆ ಹುಡುಕುವುದು ಪ್ರಯಾಸ. ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಘಟನೆಯ ಬಗ್ಗೆ ಪಡೆಯೇ ನಡೆಸುವ ವಿಚಾರಣೆ, ನಡೆದಿದ್ದರೆ ಅದರ ಪ್ರತಿ ಬೇಕು, ನಡೆದಿಲ್ಲವಾದರೆ ನಡೆಸಿ ಎಂದು ಅರ್ಜಿ ಕೊಡಿ. ಭರ್ತಿಯಾದಾಗಿನ ವೈದ್ಯಕೀಯ ಪರೀಕ್ಷೆಯ ಹಾಳೆಯೂ ಬೇಕು, ಆಗ ಹೃದಯ ಸರಿಯಾಗಿತ್ತು ಎಂದು ತೋರಿಸಲು. ಆರ್‌ಟಿಐ ಹಾಕಿ ಎಂದು ಯಾರಾದರೂ ಹೇಳಿಯಾರು. ಈ ಪಡೆಗಳನ್ನು ಆ ಕಾಯ್ದೆಯ 24ನೇ ಕಲಂ ಹೊರಗಿಟ್ಟಿದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪ ಬಿಟ್ಟರೆ. ಹಾಗಾಗಿ ಅದನ್ನೊಂದೇ ನಂಬಿ ಕೂರಬೇಡಿ, ನೌಕರನಾಗಿ ತನ್ನದೇ ದಾಖಲೆ ಕೊಡಿ ಎಂದು ಯಜಮಾನರೇ ಕಮಾಂಡೆಂಟರಿಗೆ ಬರೆಯಲಿ, ಸ್ವೀಕೃತಿ ಪಡೆಯಲಿ.

ಹಣದ ಲೆಕ್ಕ ಹೇಳುತ್ತೇನೆ. ಈ ಪಿಂಚಣಿಯಲ್ಲಿ ಎರಡು ಭಾಗ, ಸೇವೆಯದ್ದೊಂದು, ವೈಕಲ್ಯದ್ದೊಂದು. ಮೂಲ ವೇತನ 40,400 ಎಂದು ಇಟ್ಟುಕೊಳ್ಳಿ. 10 ವರ್ಷ ದಾಟಿದ ಸೇವೆಗೆ ಸೇವಾ ಭಾಗ ಅದರ ಅರ್ಧ, 20,200. ಶೇ. 100 ವೈಕಲ್ಯಕ್ಕೆ ವೈಕಲ್ಯದ ಭಾಗ ಮೂಲ ವೇತನದ ಶೇ. 30, ಅಂದರೆ 12,120. ಬೋರ್ಡ್ ಔಟ್ ಆದವರಿಗೆ ಮಂಡಳಿ ವೈಕಲ್ಯವನ್ನು ಶೇ. 50ರವರೆಗೆ ಎಷ್ಟೇ ಬರೆದರೂ 50 ಎಂದು, 50 ದಾಟಿ 75ರವರೆಗೆ ಬರೆದರೆ 75 ಎಂದು, ಅದಕ್ಕೂ ಮೇಲಾದರೆ 100 ಎಂದು ಹಿಡಿಯುವ ಪದ್ಧತಿ 2000ದ ಫೆಬ್ರವರಿ ಆದೇಶದಿಂದ ಬಂದದ್ದು. ಮಂಡಳಿ 40 ಎಂದು ಬರೆದರೆ 50ರ ಲೆಕ್ಕದಲ್ಲಿ 6,060 ಸೇರಿ ಒಟ್ಟು 26,260, ಅದರ ಮೇಲೆ ತುಟ್ಟಿ ಪರಿಹಾರ. ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ ಎಂದು ಬರೆದುಬಿಟ್ಟರೂ ಅಸಮರ್ಥ ಎಂದು ಕಳುಹಿಸಿದ್ದಕ್ಕೆ ಅಶಕ್ತತಾ ಪಿಂಚಣಿ ಇದೆ. ಸೋತರೂ ಬರಿಗೈಯಲ್ಲಿ ಬರುವುದಿಲ್ಲ.

ಇನ್ನು ಎನ್‌ಪಿಎಸ್. 2004ರ ಜನವರಿ ನಂತರ ಸೇರಿದವರಿಗೆ ಏನೂ ಇಲ್ಲ ಎಂದು ಹೇಳಿದವರು 2021ರ ಎನ್‌ಪಿಎಸ್ ಅನುಷ್ಠಾನ ನಿಯಮಗಳ 10ನೇ ನಿಯಮ ಓದಿಲ್ಲ. ಸೇವೆಯಲ್ಲಿ ಸಾವು, ಅಶಕ್ತತೆ ಅಥವಾ ವೈಕಲ್ಯ ಸಂಭವಿಸಿದರೆ ಹಳೆಯ ಪಿಂಚಣಿ ಅಥವಾ ಅಸಾಧಾರಣ ಪಿಂಚಣಿ ನಿಯಮಗಳ ಸೌಲಭ್ಯ ಬೇಕೆಂದು ಆಯ್ಕೆ ಕೊಡಬಹುದು. ವೈದ್ಯಕೀಯ ಕಾರಣಕ್ಕೆ ಬಿಡುಗಡೆಯಾಗುವಾಗ ಹೊಸದಾಗಿ ಆಯ್ಕೆ ಬದಲಿಸಲೂ ಅವಕಾಶವಿದೆ. ಹಾಗೆ ಆರಿಸಿಕೊಂಡರೆ ಸರ್ಕಾರ ಕಟ್ಟಿದ ಪಾಲು ಸರ್ಕಾರಕ್ಕೆ ಮರಳುತ್ತದೆ, ಇವರ ಸಂಬಳದಿಂದ ಕಡಿತವಾದ ಪಾಲು ಗಳಿಕೆಯೊಂದಿಗೆ ಇವರ ಕೈಗೆ ಬರುತ್ತದೆ. ಮೊದಲು ಕೊಟ್ಟ ಆಯ್ಕೆ ಏನೆಂದು ಸೇವಾ ಪುಸ್ತಕದಲ್ಲಿ ನೋಡಿಸಿ.

ಉತ್ತರ: ವಕೀಲ, ಧಾರವಾಡ

ಹಿರಿಯರು ವಿವರವಾಗಿ ಬರೆದಿದ್ದಾರೆ. ಕಾನೂನಿನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ, ಮೇಡಂ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20ನೇ ಕಲಂ ಪ್ರಕಾರ ವೈಕಲ್ಯ ಬಂದ ನೌಕರನನ್ನು ತೆಗೆಯುವಂತಿಲ್ಲ, ಬೇರೆ ಹುದ್ದೆ ಕೊಡಬೇಕು ಎಂದು ಯಾರಾದರೂ ಭರವಸೆ ಕೊಟ್ಟಾರು. ಅದರ ಮೇಲೆ ಮನೆ ಕಟ್ಟಬೇಡಿ. ಆ ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಹೃದ್ರೋಗ ಇಲ್ಲ. ಮೇಲಾಗಿ 2021ರ ಆಗಸ್ಟ್ 18ರ ಅಧಿಸೂಚನೆಯಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಹೋರಾಟ ಹುದ್ದೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ನಿಮ್ಮ ದಾರಿ ಪಿಂಚಣಿ ನಿಯಮಗಳದ್ದೇ.

ಸುಪ್ರೀಂ ಕೋರ್ಟ್ 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ, ಭರ್ತಿಯ ಸಮಯದಲ್ಲಿ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದ್ದ ಎಂದು ಭಾವಿಸಬೇಕು, ಹಾಗಲ್ಲವೆಂದು ಹೇಳುವ ಮಂಡಳಿ ಕಾರಣ ಬರೆಯಬೇಕು ಎಂದಿತು. ಅದು ಸೇನೆಯ ನಿಯಮಗಳ ಮೇಲೆ ನಿಂತ ತೀರ್ಪು. ನಿಮ್ಮ ಪ್ರಕರಣಕ್ಕೆ ತಾನಾಗಿ ಅನ್ವಯವಾಗದಿದ್ದರೂ ವಾದದಲ್ಲಿ ಬಳಸಬಹುದು. ಮಂಡಳಿಯ ವರದಿಯಲ್ಲಿ 'ಸೇವೆಗೆ ಸಂಬಂಧವಿಲ್ಲ' ಎಂಬ ಒಂದೇ ಸಾಲಿದ್ದು ಕಾರಣ ಇಲ್ಲದಿದ್ದರೆ ಅಲ್ಲಿಯೇ ಹಿಡಿಯಬೇಕು.

ಕೇಸು ಹಾಕುವ ಪ್ರಸಂಗ ಬಂದರೆ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಬೇಡಿ, ಈ ಪಡೆಗಳ ಸಿಬ್ಬಂದಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಸೇನೆಯವರಿಗೆ. ನಿಮ್ಮದು ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಗದಗದವರಿಗೆ ಧಾರವಾಡ ಪೀಠವೇ ಹತ್ತಿರ.

ಪ್ರಶ್ನೆ: ಪೊಲೀಸ್ ಪೇದೆಯ ಮಗ, ದಾವಣಗೆರೆ

ನನ್ನ ತಂದೆ ರಾಜ್ಯ ಪೊಲೀಸ್ ಇಲಾಖೆಯಲ್ಲಿದ್ದಾರೆ, ಅವರಿಗೂ ಬೈಪಾಸ್ ಆಗಿದೆ. ಇದೇ ನಿಯಮ ನಮಗೂ ಅನ್ವಯವೇ?

ಉತ್ತರ: ನಿವೃತ್ತ ಇನ್‌ಸ್ಪೆಕ್ಟರ್, ಬೆಳಗಾವಿ

ಇಲ್ಲಪ್ಪ. ರಾಜ್ಯ ಪೊಲೀಸರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳು. ರಾಜ್ಯದಲ್ಲಿ ಎನ್‌ಪಿಎಸ್ ಶುರುವಾದದ್ದು 2006ರ ಏಪ್ರಿಲ್ 1ರಿಂದ, ತಂದೆಯವರು ಅದಕ್ಕೆ ಮುಂಚೆ ಸೇರಿದವರೇ ಎಂಬುದನ್ನು ಮೊದಲು ನೋಡು. ಈ ಲೆಕ್ಕಗಳನ್ನು ಅವರ ಕಡತಕ್ಕೆ ಹಚ್ಚಬೇಡ, ಜಿಲ್ಲಾ ಪೊಲೀಸ್ ಕಚೇರಿಯ ಪಿಂಚಣಿ ಶಾಖೆಯಲ್ಲಿ ಕೇಳು. ಸ್ವಯಂ ನಿವೃತ್ತಿಗೆ ಅವಸರ ಬೇಡ ಎಂಬ ಮಾತು ಮಾತ್ರ ನಿಮಗೂ ಸಲ್ಲುತ್ತದೆ.

ಉತ್ತರ: ಶಾಲಾ ಶಿಕ್ಷಕಿ, ಗದಗ ಜಿಲ್ಲೆ

ಅಣ್ಣನವರೇ, ವಕೀಲರೇ, ನಿಮ್ಮ ಉತ್ತರಗಳನ್ನು ಯಜಮಾನರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಸಹಿ ಹಾಕುವುದಿಲ್ಲ, ವೈದ್ಯಕೀಯ ಮಂಡಳಿಗೆ ಕಳುಹಿಸಿ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ಅಂದು ರೈಫಲ್ ಹೊತ್ತಿದ್ದ ಹುಡುಗ ಈಗ ತ್ರಿಪುರಾದಲ್ಲಿದ್ದಾನೆ, ಹೇಳಿಕೆ ಬರೆದು ಕಳುಹಿಸುತ್ತೇನೆ ಎಂದಿದ್ದಾನೆ. ಒಂದೇ ಒಂದು ಸಂಶಯ. ಮಂಡಳಿ ಇವರನ್ನು ಮನೆಗೆ ಕಳುಹಿಸದೆ, ಲಘು ಕೆಲಸ ಕೊಟ್ಟು ಇಟ್ಟುಕೊಂಡರೆ ಆಗ ಪಿಂಚಣಿಯ ಮಾತೇ ಇರುವುದಿಲ್ಲವೇ?

ಉತ್ತರ: ನಿವೃತ್ತ ಇನ್‌ಸ್ಪೆಕ್ಟರ್, ಬೆಳಗಾವಿ

ಬಹಳ ಒಳ್ಳೆಯ ಕೆಲಸ ಮಾಡಿದಿರಿ ತಂಗಿ. ಇಟ್ಟುಕೊಂಡರೆ ಸಂಬಳ ಮುಂದುವರಿಯುತ್ತದೆ, ಶೇಪ್ ವರ್ಗ, ಅಂದರೆ ವೈದ್ಯಕೀಯ ಅರ್ಹತೆಯ ದರ್ಜೆ, ಇಳಿದಿರುವುದರಿಂದ ಬಡ್ತಿಗೆ ಮಾತ್ರ ತೊಡಕು. ಕಾಯಿಲೆ ಸೇವೆಯ ಕಾರಣದ್ದೆಂದು ಒಪ್ಪಿದ್ದರೆ ತಿಂಗಳ ವೈಕಲ್ಯ ಭಾಗದ ಬದಲು ಒಂದೇ ಗಂಟಿನ ಪರಿಹಾರಕ್ಕೆ ಅವಕಾಶವಿದೆ. ಆದರೆ ಅಲ್ಲಿ 40ನ್ನು 50 ಎಂದು ಹಿಡಿಯುವುದಿಲ್ಲ, ಬರೆದಷ್ಟೇ ಲೆಕ್ಕ. ಹಾಗಾಗಿ ಎರಡರಲ್ಲಿ ಯಾವುದೇ ಆಗಲಿ, ಮಂಡಳಿಯ ಹಾಳೆಯಲ್ಲಿ ಸೇವೆಗೂ ಕಾಯಿಲೆಗೂ ಇರುವ ಸಂಬಂಧ ಬರೆಯಲ್ಪಡುವುದೇ ಮುಖ್ಯ. ಮಂಡಳಿಗೆ ಹೋಗುವ ದಿನ ರಾಯಪುರದ ಡಿಸ್ಚಾರ್ಜ್ ಸಾರಾಂಶ, ಆಂಜಿಯೋಗ್ರಾಮ್ ವರದಿ, ಎಲ್ಲ ಎಕೋ ವರದಿಗಳು ದಿನಾಂಕದ ಕ್ರಮದಲ್ಲಿ ಇರಲಿ, ಮೇಲೆ ಡ್ಯೂಟಿ ರಿಜಿಸ್ಟರಿನ ಪ್ರತಿ ಇರಲಿ. ಮೂಲ ಪ್ರತಿಗಳನ್ನು ತೋರಿಸಲಿ, ಕೊಟ್ಟು ಬರುವುದು ನಕಲುಗಳನ್ನು ಮಾತ್ರ. ವರದಿ ಕೈಗೆ ಬಂದ ಕೂಡಲೇ ಮೇಲ್ಮನವಿಗೆ ಎಷ್ಟು ದಿನ ಕೊಟ್ಟಿದ್ದಾರೆ ಎಂದು ಅದರಲ್ಲೇ ನೋಡಿ, ಇಲ್ಲಿ ಬರೆಯಿರಿ. ಕರಡು ನಾನೇ ಮಾಡಿಕೊಡುತ್ತೇನೆ.